ನಾನು ಸೊಕ್ಕಿನವಳಲ್ಲ, ಆದರೆ ಗಿರಾಕಿಗಳಿಗೆ ಹಾಗೇ ಕಾಣುತ್ತೇನಂತೆ

ಪ್ರಶ್ನೆ: ಮೆಡಿಕಲ್ ಶಾಪ್ ಅಕ್ಕ, ಹಳೇ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಮೂರು ವಾರದಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ "ಬಿಡು, ಜನ ಏನೇನೋ ಅಂತಾರೆ" ಅಂದುಬಿಡುತ್ತಾರೆ. ನನಗೆ ಬಿಡಲು ಆಗುತ್ತಿಲ್ಲ.

ನನಗೆ 33 ವರ್ಷ. ಡಿ.ಫಾರ್ಮ್ ಓದಿದ್ದೇನೆ. ಹಳೇ ಹುಬ್ಬಳ್ಳಿಯಲ್ಲಿ ಅಪ್ಪನ ಮೆಡಿಕಲ್ ಶಾಪ್ ಇದೆ. 9 ವರ್ಷದಿಂದ ಕೌಂಟರ್‌ನಲ್ಲಿ ನಿಲ್ಲುವುದು ನಾನೇ. ಸಂಜೆ ಹೊತ್ತು ತಮ್ಮ ಜೊತೆಗಿರುತ್ತಾನೆ.

ಅವತ್ತು ನಾನು ಒಳಗೆ ಫ್ರಿಜ್‌ನಲ್ಲಿ ಇನ್ಸುಲಿನ್ ಜೋಡಿಸುತ್ತಿದ್ದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಬಂದರು. ಎಷ್ಟೋ ವರ್ಷದಿಂದ ನಮ್ಮಲ್ಲೇ ಗುಳಿಗೆ ಒಯ್ಯುವವರು. ತಮ್ಮನನ್ನು ಕೇಳಿದರು: "ಆಕಿ ಇಲ್ಲೇನಪಾ? ಚೊಲೋ ಆತು. ಭಾಳ ಸೊಕ್ಕಿನಾಕಿ ಅದಾಳ. ಮಾರಿ ಎತ್ತಿ ನೋಡಂಗಿಲ್ಲ." ತಮ್ಮ ಏನೋ ಹೇಳಿ ಮಾತು ಮರೆಸಿದ. ನಾನು ಫ್ರಿಜ್ ಬಾಗಿಲು ಹಿಡಿದು ಹಾಗೇ ನಿಂತೆ. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಬಾಗಿಲು ತೆರೆದು ನಿಲ್ಲಬೇಡ ಅಂತ ತಮ್ಮನಿಗೆ ದಿನಾ ಹೇಳುವವಳು ನಾನು. ಅವತ್ತು ಅದೂ ನೆನಪಾಗಲಿಲ್ಲ.

ಬೇರೆ ಯಾರಾದರೂ ಅಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಅಜ್ಜಿ ಇಬ್ಬರು ಡಾಕ್ಟರ ಹತ್ತಿರ ತೋರಿಸಿದ್ದರು. ಇಬ್ಬರೂ ಬಿಪಿಗೆ ಆಮ್ಲೊಡಿಪಿನ್ ಬರೆದಿದ್ದರು. ಕಂಪನಿ ಹೆಸರು ಮಾತ್ರ ಬೇರೆ ಬೇರೆ. ಅಜ್ಜಿಯ ಲೆಕ್ಕದಲ್ಲಿ ಅವು ಎರಡು ಬೇರೆ ಗುಳಿಗೆ. ಎರಡನ್ನೂ ನುಂಗಿದ್ದರೆ ಬಿಪಿ ಜಾಸ್ತಿ ಇಳಿದು ತಲೆ ಸುತ್ತಿ ಬೀಳುತ್ತಿದ್ದರೋ ಏನೋ. ಚೀಟಿ ಓದುವಾಗ ನನಗೆ ಕಂಡಿತು. ಡಾಕ್ಟರಿಗೆ ಫೋನ್ ಮಾಡಿ ಕೇಳಿ ಒಂದನ್ನು ನಿಲ್ಲಿಸಿದೆ. ಗಾಬರಿ ಆಗ್ತಾರೆ ಅಂತ ಅಜ್ಜಿಗೆ ಹೇಳಲಿಲ್ಲ, ಮಗನಿಗೆ ಮಾತ್ರ ಹೇಳಿದೆ. ಅವರ ಲೆಕ್ಕದಲ್ಲಿ ನಾನು ಅವತ್ತೂ ಮಾರಿ ಎತ್ತಿ ನೋಡದ ಹುಡುಗಿಯೇ.

ಈಗ ನಾನು ಕೌಂಟರ್‌ನಲ್ಲಿ ಹೇಗಿರುತ್ತೇನೆ ಅಂತ ಇದ್ದದ್ದು ಇದ್ದಂತೆ ಹೇಳುತ್ತೇನೆ. ಚೀಟಿ ಕೈಗೆ ಬಂದ ಕೂಡಲೇ ಕಣ್ಣು ಅದರ ಮೇಲೆ ಹೋಗುತ್ತದೆ. ಡಾಕ್ಟರ ಅಕ್ಷರ ನಿಮಗೆ ಗೊತ್ತೇ ಇದೆ. ಥೈರಾಯಿಡ್ ಗುಳಿಗೆ 25 ಮೈಕ್ರೋಗ್ರಾಂ ಇದೆ, 50 ಇದೆ, 75 ಇದೆ, 100 ಇದೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇದೆ, 2 ಇದೆ. 1 ಬರೆದಲ್ಲಿ 2 ಕೊಟ್ಟರೆ ವಯಸ್ಸಾದವರಿಗೆ ರಾತ್ರೋರಾತ್ರಿ ಸಕ್ಕರೆ ಇಳಿದು ಜೀವಕ್ಕೆ ಅಪಾಯ ಬರಬಹುದು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಕೈ ಎತ್ತಿ ತಡೆಯಿರಿ ಅಂತ ಸನ್ನೆ ಮಾಡುತ್ತೇನೆ. ಔಷಧ ಇಲ್ಲದಿದ್ದರೆ "ಇಲ್ಲ" ಅನ್ನುತ್ತೇನೆ. ಅಷ್ಟೇ. ಚಿಲ್ಲರೆ ಗಾಜಿನ ಮೇಲೆ ಇಡುತ್ತೇನೆ. ಕೊರೊನಾ ವೇಳೆ ಶುರುವಾದ ರೂಢಿ, ಹಾಗೇ ಉಳಿಯಿತು.

ಇನ್ನೊಂದು ಇದೆ. ಸೆಫಿಕ್ಸಿಮ್ ಥರದ ಆಂಟಿಬಯೋಟಿಕ್, ಅಲ್ಪ್ರಜೋಲಾಮ್ ಥರದ ನಿದ್ದೆ ಗುಳಿಗೆ ಇವೆಲ್ಲ ಸರ್ಕಾರದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಯಾರಾದರೂ ಹಳೇ ಸ್ಟ್ರಿಪ್ ತೋರಿಸಿ ಕೇಳಿದರೆ "ಚೀಟಿ ಇಲ್ದೆ ಕೊಡಲ್ಲ" ಅನ್ನುತ್ತೇನೆ. ಮುಂದಿನವರ ಚೀಟಿಗೆ ಕೈ ಚಾಚುತ್ತೇನೆ.

ತಮ್ಮ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲರನ್ನೂ ಮಾತಾಡಿಸುತ್ತಾನೆ. ಮೊಮ್ಮಕ್ಕಳ ಪರೀಕ್ಷೆ ಹೇಗಾಯಿತು ಅಂತ ಕೇಳುತ್ತಾನೆ. ಎರಡು ಸಲ ತಪ್ಪು ಡೋಸ್ ತೆಗೆದಿದ್ದ, ನಾನು ಪಕ್ಕದಲ್ಲಿದ್ದು ಹಿಡಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆ ಹುಡುಗ. ಆದರೆ ಅವನು ಚೊಲೋ, ನಾನು ಸೊಕ್ಕು ಅಂದರೆ ಹೇಗೆ ತಡೆದುಕೊಳ್ಳಲಿ?

ಕೇಳಬೇಕಾದ್ದು ಇಷ್ಟು. ನಾನು ಹಾಗಿಲ್ಲ ಅಂತ ನನಗೆ ಗೊತ್ತು. ಆದರೂ ಹಾಗೆ ಕಾಣುವುದು ನನ್ನ ತಪ್ಪಾ? ಸುಮ್ನೆ ಹಲ್ಲು ಬಿಟ್ಟುಕೊಂಡು ನಿಲ್ಲಲು ನನಗೆ ಬರುವುದಿಲ್ಲ. ನಾಟಕ ಮಾಡದೆ ಇದನ್ನು ಸರಿ ಮಾಡುವ ದಾರಿ ಇದೆಯಾ?

ಉತ್ತರ: ಅವ್ವನ ಮಗ, ಕೇಶ್ವಾಪುರ

ಅಕ್ಕಾರ, ನಾನು ಕೌಂಟರ್‌ನ ಈ ಕಡೆ ನಿಲ್ಲುವವನು. ಅವ್ವನಿಗೆ ಹೃದಯದ ತೊಂದರೆ. ನಾಲ್ಕು ವರ್ಷದಿಂದ ತಿಂಗಳಿಗೆ ಎರಡು ಸಲ ಮೆಡಿಕಲ್ ಶಾಪ್‌ಗೆ ಹೋಗುತ್ತೇನೆ. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಮಾತ್ರ ಹೇಳುತ್ತೇನೆ.

ಮೆಡಿಕಲ್ ಶಾಪ್‌ಗೆ ಯಾರೂ ಖುಷಿಯಿಂದ ಬರುವುದಿಲ್ಲ. ಆಸ್ಪತ್ರೆಯಲ್ಲಿ ಎರಡು ತಾಸು ಕೂತು, ಡಾಕ್ಟರ ಹತ್ತಿರ ಎರಡು ನಿಮಿಷ ಮಾತಾಡಿ, ಅರ್ಧ ಅರ್ಥವಾಗಿ ಅರ್ಧ ಆಗದೆ ಬಂದಿರುತ್ತೇವೆ. ಜೇಬಿನಲ್ಲಿ ಎಷ್ಟಿದೆ ಅಂತ ಲೆಕ್ಕ ಬೇರೆ. ಚೀಟಿ ಕೊಟ್ಟ ಮೇಲೆ ನೀವು ಮಾತಾಡದೆ ಅದನ್ನೇ ನೋಡುತ್ತಾ ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಏನೋ ದೊಡ್ಡ ರೋಗಕ್ಕೆ ಬರೆದಿದ್ದಾರಾ? ಗುಳಿಗೆ ಸಿಗುವುದಿಲ್ಲವಾ? ಭಾಳ ತುಟ್ಟಿನಾ? ನೀವು ಡೋಸ್ ನೋಡುತ್ತಿದ್ದೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಪೋಸ್ಟ್ ಓದುವ ತನಕ ನನಗೆ ಇದು ನಿಜವಾಗಿ ಗೊತ್ತಿರಲಿಲ್ಲ.

ಇನ್ನು "ಇಲ್ಲ" ಅನ್ನುವ ಮಾತು. ಹೋದ ವರ್ಷ ಒಂದು ಅಂಗಡಿಯಲ್ಲಿ ಅವ್ವನ ರಕ್ತ ತೆಳು ಮಾಡುವ ಗುಳಿಗೆ ಕೇಳಿದೆ. "ಇಲ್ಲ" ಅಂದರು. ನನ್ನ ಹಿಂದಿನವರತ್ತ ನೋಡಿದರು. ರಾತ್ರಿ ಒಂಬತ್ತೂವರೆ. ಎಲ್ಲಿ ಸಿಗುತ್ತದೆ, ನಾಳೆ ಬರುತ್ತದಾ, ಒಂದು ದಿನ ತಪ್ಪಿದರೆ ಏನಾಗುತ್ತದೆ, ಒಂದೂ ಗೊತ್ತಿಲ್ಲ. ದುರ್ಗದಬೈಲ್ ಕಡೆಗೆಲ್ಲ ಸುತ್ತಿ ಕಡೆಗೆ ಸ್ಟೇಶನ್ ರೋಡ್‌ನಲ್ಲಿ ಸಿಕ್ಕಿತು. ಆ ಅಂಗಡಿಯವರು ಕೆಟ್ಟವರಾ? ಗೊತ್ತಿಲ್ಲ. ಆದರೆ ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ನಗಬೇಕು ಅಂತ ಯಾರು ಹೇಳಿದರು ಅಕ್ಕಾ? "ಇಲ್ಲ, ನಾಳೆ ಹನ್ನೊಂದಕ್ಕೆ ಬರ್ತದೆ" ಅಂದರೆ ಸಾಕು.

ಉತ್ತರ: ಸಪ್ತಾಪುರದ ಮೇಡಂ, ಧಾರವಾಡ

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ತರಗತಿಯಲ್ಲಿ ಪ್ರತಿ ವರ್ಷ ಮಾಡಿಸುವ ಒಂದು ಆಟ ನೆನಪಾಯಿತು.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಂಡು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು. ಎದುರಿಗೆ ಕೂತವರು ಯಾವ ಹಾಡು ಅಂತ ಹೇಳಬೇಕು. ಕುಟ್ಟುವವರನ್ನು ಮೊದಲೇ ಕೇಳಿದರೆ, ಅರ್ಧಕ್ಕರ್ಧ ಜನ ಗುರುತಿಸುತ್ತಾರೆ ಅಂದರು. ಕುಟ್ಟಿದ್ದು 120 ಹಾಡು. ಗುರುತಿಸಿದ್ದು 3.

ನನ್ನ ಹುಡುಗರೂ ಹಾಗೇ. ಬೆಂಚು ಕುಟ್ಟುವವನಿಗೆ ಸಿಟ್ಟೇ ಬರುತ್ತದೆ. "ಇಷ್ಟು ಸುಲಭದ್ದು ಗೊತ್ತಾಗಲಿಲ್ವಾ?" ಅನ್ನುತ್ತಾನೆ. ಅವನ ಕಿವಿಯೊಳಗೆ ರಾಗ, ಮಾತು, ತಬಲ ಎಲ್ಲ ಕೇಳುತ್ತಿದೆ. ಎದುರಿಗಿದ್ದವರಿಗೆ ಕೇಳುವುದು ಬರೀ ಟಕ್ ಟಕ್. ನೀವು ಚೀಟಿ ನೋಡುವಾಗ ನಿಮ್ಮೊಳಗೆ ಅಜ್ಜಿಯ ಬಿಪಿ, ಡೋಸ್, ಹಳೇ ಚೀಟಿಯ ನೆನಪು ಎಲ್ಲ ನಡೆಯುತ್ತಿರುತ್ತದೆ. ಹೊರಗೆ ಬರುವುದು ಒಂದು ಎತ್ತಿದ ಕೈ, ಒಂದು "ಇಲ್ಲ". ಅವ್ವನ ಮಗ ಬರೆದದ್ದೂ ಇದನ್ನೇ ಅಲ್ವಾ?

ಇನ್ನೊಂದು ಪ್ರಯೋಗ ನೀವು ತಿಳಿದಿರಬೇಕು, ಯಾಕೆಂದರೆ ನಿಮಗೆ ಮುಂದೆ ಅದು ಅಡ್ಡ ಬರಬಹುದು. 1977ರಲ್ಲಿ ಮಾರ್ಕ್ ಸ್ನೈಡರ್ ಮತ್ತು ಜೊತೆಯವರು ಗಂಡಸರಿಗೆ ಒಂದು ಫೋಟೋ ಕೊಟ್ಟು, ಈ ಹೆಂಗಸಿನ ಜೊತೆ ಫೋನ್‌ನಲ್ಲಿ ಮಾತಾಡಿ ಅಂದರು. ಕೆಲವರಿಗೆ ಸುಂದರಿಯ ಫೋಟೋ, ಕೆಲವರಿಗೆ ಅಷ್ಟೇನೂ ಅಲ್ಲದವಳದ್ದು. ಆ ಫೋಟೋಗಳು ಫೋನ್‌ನ ಆ ಕಡೆ ಇದ್ದವರದ್ದಲ್ಲ. ಆ ಹೆಂಗಸರಿಗೆ ಫೋಟೋ ವಿಷಯವೇ ಗೊತ್ತಿಲ್ಲ. ಆಮೇಲೆ ಹೆಂಗಸರ ಮಾತನ್ನು ಮಾತ್ರ ಬೇರೆಯವರಿಗೆ ಕೇಳಿಸಿದರು. ಯಾರನ್ನು ಸುಂದರಿ ಅಂದುಕೊಂಡು ಮಾತಾಡಿಸಿದ್ದರೋ ಅವರ ಮಾತು ನಿಜವಾಗಿಯೂ ಜಾಸ್ತಿ ಸ್ನೇಹದ್ದಾಗಿತ್ತು. ಎದುರಿನವರು ಹೇಗೆ ಮಾತಾಡಿಸಿದರೋ ಹಾಗೆ ಇವರು ತಿರುಗಿ ಮಾತಾಡಿದ್ದರು.

ಈಗ ನಿಮ್ಮ ಅಂಗಡಿ ನೋಡಿ. ಸೊಕ್ಕಿನವಳು ಅಂದುಕೊಂಡು ಬರುವವರು ಮೊದಲೇ ಬಿಗಿಯಾಗಿ ಬರುತ್ತಾರೆ. ಅದಕ್ಕೆ ನೀವೂ ಬಿಗಿಯಾಗುತ್ತೀರಿ. ನೋಡಿದ್ಯಾ, ಹಾಗೇ ಇದ್ದಾಳೆ ಅಂತ ಅವರು ಹೋಗುತ್ತಾರೆ. ಇದನ್ನು ಯಾರೋ ಒಬ್ಬರು ಮೊದಲು ಬಿಡಿಸಬೇಕು. ನೀವು ಒಂದು ವಾರ ಬೇರೆ ಥರ ಇದ್ದರೆ ಹೆಸರು ಬದಲಾಗುವುದಿಲ್ಲ. ತಡೆದುಕೊಳ್ಳಿ.

ಒಂದು ಮಾತನ್ನು ಹೆಣ್ಣಾಗಿ ಹೇಳಲೇಬೇಕು. ಇದೇ ಮುಖ ಇಟ್ಟುಕೊಂಡು ನಿಮ್ಮ ಅಪ್ಪ ಕೌಂಟರ್‌ನಲ್ಲಿ ನಿಂತಿದ್ದರೆ "ಕೆಲಸದಲ್ಲಿ ಭಾಳ ಕಟ್ಟುನಿಟ್ಟು" ಅನ್ನುತ್ತಿದ್ದರು. ಹೆಣ್ಣು ಹಾಗೆ ನಿಂತರೆ ಸೊಕ್ಕು. ಈ ಪಾಲು ನಿಮ್ಮದಲ್ಲ. ಅದನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಮೆಡಿಕಲ್ ಶಾಪ್ ಅಕ್ಕ:

ಇಬ್ಬರಿಗೂ ಥ್ಯಾಂಕ್ಸ್. ಅವ್ವನ ಮಗ ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು. ಸುಮ್ಮನೆ ನಿಂತರೆ ಎದುರಿನವರಿಗೆ ಹೆದರಿಕೆ ಆಗುತ್ತದೆ ಅಂತ 9 ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

ಆದರೆ ಮೇಡಂ, ಒಂದು ಅನುಮಾನ ಉಳಿದಿದೆ. ಮಾಡಿದ ಕೆಲಸವನ್ನು ಬಾಯಿ ಬಿಟ್ಟು ಹೇಳಿಕೊಳ್ಳುವುದು ಜಂಬ ಅಲ್ವಾ? ಅಪ್ಪ ನಮಗೆ ಕಲಿಸಿದ್ದು ಕೆಲಸ ಮಾಡು, ಮಾತು ಬೇಡ ಅಂತ. ನಾನು ನಿಮಗಾಗಿ ಡೋಸ್ ನೋಡುತ್ತಿದ್ದೇನೆ ಅಂತ ಎಲ್ಲರಿಗೂ ಹೇಳುತ್ತಾ ನಿಂತರೆ ನನಗೇ ಒಂಥರಾ ಆಗುತ್ತದೆ.

ಉತ್ತರ: ಸಂಘದ ನಿವೃತ್ತ ಕಾರ್ಯದರ್ಶಿ, ಗದಗ ತಾಲೂಕು

ತಂಗೀ, ಜಂಬದ ಮಾತಿಗೆ ನಾನು ಉತ್ತರ ಕೊಡುತ್ತೇನೆ. ನಾನು 31 ವರ್ಷ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದವನು.

ಈ "ಪತ್ತು" ಅನ್ನುವ ಮಾತು ನಮ್ಮ ಕಡೆ ದಿನಾ ಬಳಸುತ್ತೇವೆ. "ಅವಂಗ ಊರಾಗ ಪತ್ತು ಐತಿ" ಅಂದರೆ ಅವನ ಮಾತಿಗೆ ಸಾಲ ಹುಟ್ಟುತ್ತದೆ ಅಂತ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದರು. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ಆ ಕಾಯ್ದೆಯಲ್ಲಿ ಹಳ್ಳಿ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಎಲ್ಲರೂ ತಮ್ಮ ಆಸ್ತಿಯಿಂದ ತುಂಬಬೇಕು. ಹಾಗಾಗಿ ಒಬ್ಬನಿಗೆ ಸಾಲ ಕೊಡುವ ಮೊದಲು ಉಳಿದವರು ಅವನನ್ನು ಕಣ್ಣಿಟ್ಟು ನೋಡಬೇಕಾಗುತ್ತಿತ್ತು. ಬಿತ್ತನೆಗೆ ತಗೊಂಡ ದುಡ್ಡು ಬಿತ್ತನೆಗೇ ಹೋಯಿತಾ, ಕೈಗಡ ತಗೊಂಡದ್ದು ಹೇಳಿದ ದಿನ ತಿರುಗಿ ಕೊಟ್ಟನಾ, ಇದೇ ಅವರ ಲೆಕ್ಕ. ಅವನ ಮನಸ್ಸಿನೊಳಗೆ ಇಳಿದು ನೋಡಲು ಯಾರಿಗೂ ಆಗುತ್ತಿರಲಿಲ್ಲ. ಕಂಡದ್ದರ ಮೇಲೆ ಪತ್ತು.

ಈಗ ನನ್ನ ಕಥೆ. ನಾನು ರೊಕ್ಕ ಎಣಿಸುವುದರಲ್ಲಿ ಭಾಳ ಜೋಪಾನ. ರೈತ ಕಂತು ಕಟ್ಟಲು ಬಂದರೆ ನೋಟು ತಗೊಂಡು ಒಂದು ಸಲ ಎಣಿಸಿ, ತಿರುಗಿಸಿ ಇನ್ನೊಂದು ಸಲ ಎಣಿಸಿ, ಕೆಲವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಾಯಿ ಮುಚ್ಚಿಕೊಂಡು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಲೆಕ್ಕ ತಪ್ಪಿ ಆ ರೈತನ ಖಾತೆಗೆ ಕಡಿಮೆ ಜಮಾ ಆಗಬಾರದು. ಆರೇಳು ವರ್ಷ ಕಳೆದ ಮೇಲೆ ಒಬ್ಬ ಹಿರಿಯರು ಜಾತ್ರೆಯಲ್ಲಿ ಪಕ್ಕಕ್ಕೆ ಕರೆದು ಹೇಳಿದರು: "ಸೆಕ್ರೆಟರಿ, ನೀ ನಮ್ಮನ್ನ ಕಳ್ಳರಂಗ ನೋಡ್ತಿ. ನಮ್ಮ ಎದುರಿಗೇ ನಮ್ಮ ರೊಕ್ಕ ಬೆಳಕಿಗೆ ಹಿಡೀತಿ."

ಅವತ್ತು ರಾತ್ರಿ ಊಟ ಸೇರಲಿಲ್ಲ. ಮರುದಿನದಿಂದ ಎಣಿಸುವುದನ್ನು ಬಿಡಲಿಲ್ಲ, ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ. ರೈತನ ಕಡೆ ನೋಟು ತಿರುಗಿಸಿ ಹಿಡಿದು, ಅವನಿಗೂ ಕಾಣುವ ಹಾಗೆ. "ಗೌಡ್ರ, ನೀವೂ ಎಣಿಸ್ರಿ, ನಂದು ತಪ್ಪಿದ್ರ ಹೇಳ್ರಿ" ಅನ್ನುತ್ತಿದ್ದೆ. ಕೆಲಸ ಅದೇ, ಹೊತ್ತೂ ಅಷ್ಟೇ ಹಿಡಿಯುತ್ತಿತ್ತು. ಆದರೆ ಈಗ ಇಬ್ಬರೂ ಸೇರಿ ಎಣಿಸಿದ ಹಾಗೆ ಆಯಿತು.

ಜಂಬ ಅಂದರೆ "ನಾನು ಎಷ್ಟು ಚೊಲೋ ಎಣಿಸ್ತೀನಿ ನೋಡು" ಅನ್ನುವುದು. ನೀನು ಹೇಳಬೇಕಾದ್ದು ನಿನ್ನ ಬಗ್ಗೆ ಅಲ್ಲ ತಂಗೀ, ಅವರ ಗುಳಿಗೆ ಬಗ್ಗೆ. "ಅಜ್ಜೀ, ತಡೀರಿ, ನಿಮ್ಮ ಡೋಸ್ ಒಮ್ಮೆ ನೋಡ್ತೀನಿ." ಇದರಲ್ಲಿ ಜಂಬ ಎಲ್ಲಿದೆ?

ಉತ್ತರ: ಲೆಕ್ಕದಾಕಿ, ಬ್ಯಾಡಗಿ

ಅಕ್ಕಾ, ಎಲ್ಲರೂ ಚೊಲೋ ಬರೆದಿದ್ದಾರೆ. ಆದರೆ ನೀವು ಬರೆದದ್ದರಲ್ಲಿ ಒಂದು ಸಾಲು ಯಾರ ಕಣ್ಣಿಗೂ ಬಿದ್ದಿಲ್ಲ. ನನಗೆ ಅದನ್ನು ದಾಟಿ ಹೋಗಲು ಆಗಲಿಲ್ಲ. ಚಿಲ್ಲರೆ ಗಾಜಿನ ಮೇಲೆ ಇಡುತ್ತೇನೆ ಅಂದಿರಿ.

ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ನಮ್ಮವ್ವ ಇದೇ ಊರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡಿ ನನ್ನನ್ನು ಓದಿಸಿದಳು. ಸಂಜೆಗೆ ಕೈಯೆಲ್ಲ ಉರಿ. ಮಗುವನ್ನು ಮುಟ್ಟುವ ಹಾಗಿಲ್ಲ, ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ. ಅವ್ವನ ತವರು ಸಣ್ಣ ಹಳ್ಳಿ. ಅಲ್ಲಿ ಕಿರಾಣಿ ಅಂಗಡಿಯಲ್ಲಿ ನಮ್ಮವರಿಗೆ ಚಿಲ್ಲರೆ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆ ಮೇಲೆ ಇಡುತ್ತಿದ್ದರು, ಇಲ್ಲದಿದ್ದರೆ ಮೇಲಿನಿಂದ ಬೊಗಸೆಗೆ ಹಾಕುತ್ತಿದ್ದರು. ಬೆರಳು ತಾಗಬಾರದು ಅಂತ. ಅವ್ವ ಇದನ್ನು ಯಾರಿಗೂ ಹೇಳುವುದಿಲ್ಲ. ನನಗೆ ಹೇಳಿದ್ದೂ ಒಂದೇ ಸಲ. ಸಂವಿಧಾನ ಬಂದು ಎಷ್ಟು ವರ್ಷ ಆಯಿತು ಅಂತ ಎಲ್ಲರಿಗೂ ಗೊತ್ತು. ಆದರೂ ಇವತ್ತಿಗೂ ಯಾರಾದರೂ ಚಿಲ್ಲರೆ ಟೇಬಲ್ ಮೇಲೆ ಇಟ್ಟರೆ ಅವ್ವ ಒಂದು ಕ್ಷಣ ತಡೆಯುತ್ತಾಳೆ. ಆಮೇಲೆ ಎತ್ತಿಕೊಳ್ಳುತ್ತಾಳೆ. ನಾನು ನೋಡಿದ್ದೇನೆ.

ನೀವು ಕೊರೊನಾ ಅಂತ ಶುರು ಮಾಡಿದ್ದು, ನನಗೆ ಪೂರ್ತಿ ನಂಬಿಕೆ ಇದೆ. ಎಲ್ಲರಿಗೂ ಹಾಗೇ ಇಡುತ್ತೀರಿ ಅನ್ನುವುದೂ ನಂಬುತ್ತೇನೆ. ಆದರೆ ನಿಮ್ಮ ಮುಂದೆ ನಿಂತವರಿಗೆ ನೀವು ಉಳಿದವರಿಗೆ ಹೇಗೆ ಕೊಡುತ್ತೀರಿ ಅಂತ ಕಾಣುವುದಿಲ್ಲ. ತಮಗೆ ಹೇಗೆ ಕೊಟ್ಟಿರಿ ಅಷ್ಟೇ ಕಾಣುತ್ತದೆ. ಆ ಅಜ್ಜಿ ಯಾರು, ಅವರು ಏನೇನು ಅನುಭವಿಸಿ ಬಂದಿದ್ದಾರೆ, ನನಗೆ ಗೊತ್ತಿಲ್ಲ. ಪ್ರತಿ ದಿನ ಎಷ್ಟೋ ಮಂದಿ ನಿಮ್ಮ ಕೌಂಟರ್‌ಗೆ ಬರುತ್ತಾರೆ. ಅದರಲ್ಲಿ ನಮ್ಮವ್ವನಂಥವರೂ ಇರುತ್ತಾರೆ.

ಧಾರವಾಡದ ಮೇಡಂ ಹೇಳಿದ ಹಾಗೆ ಎಲ್ಲ ಹೊರೆ ನೀವು ಹೊರಬೇಡಿ. ನಮ್ಮ ಮಾರ್ಕೆಟ್‌ಗೆ ಮೊದಲ ಸಲ ಬಂದವರು ಬ್ಯಾಡಗಿ ಕಾಯಿಯ ಬಣ್ಣ ನೋಡಿಯೇ ಭಾಳ ಖಾರ ಅಂದುಕೊಳ್ಳುತ್ತಾರೆ. ಅದರ ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನು ತಿನ್ನದವರಿಗೆ ಎಷ್ಟು ಹೇಳಿದರೂ ಅಷ್ಟೇ. ಹಾಗೆ ನಿಮ್ಮನ್ನು ತಪ್ಪು ತಿಳಿಯುವವರು ಕೆಲವರು ಇದ್ದೇ ಇರುತ್ತಾರೆ. ಅದು ಇರಲಿ. ಚಿಲ್ಲರೆ ಮಾತ್ರ ಕೈಗೆ ಕೊಡಿ ಅಕ್ಕಾ.

ಮೆಡಿಕಲ್ ಶಾಪ್ ಅಕ್ಕ, 18 ದಿನದ ನಂತರ:

ಬರೆಯಲು ತಡವಾಯಿತು. ಮಾಡಿ ನೋಡಿದ ಮೇಲೆ ಬರೆಯೋಣ ಅಂತ ಕಾದೆ.

ಮೊದಲು ಬ್ಯಾಡಗಿಯ ತಂಗಿಗೆ. ನೀವು ಬರೆದದ್ದನ್ನು ಮಧ್ಯಾಹ್ನ ಅಂಗಡಿಯಲ್ಲೇ ಓದಿದೆ. ಅದೇ ಹೊತ್ತಿಗೆ ಪೌರಕಾರ್ಮಿಕ ಹೆಂಗಸೊಬ್ಬರು ಜ್ವರದ ಗುಳಿಗೆಗೆ ಬಂದರು. ಕೈ ರೂಢಿಯಂತೆ ಚಿಲ್ಲರೆಯನ್ನು ಗಾಜಿನ ಕಡೆಗೆ ಒಯ್ದಿತು. ಅರ್ಧಕ್ಕೆ ನಿಲ್ಲಿಸಿ ಅವರ ಅಂಗೈಯಲ್ಲಿ ಇಟ್ಟೆ. ಅವರು ಏನೂ ಅನ್ನಲಿಲ್ಲ, ತಗೊಂಡು ಹೋದರು. ನಾಲ್ಕೈದು ವರ್ಷದಿಂದ ಅವರು ನಮ್ಮಲ್ಲಿ ಬರುತ್ತಿದ್ದಾರೆ. ಅಷ್ಟು ವರ್ಷ ಅವರಿಗೆ ಹೇಗನ್ನಿಸಿರಬಹುದು ಅಂತ ನೆನೆದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮನಸ್ಸಿನಲ್ಲಿ ಹಾಗೇನೂ ಇರಲಿಲ್ಲ ಅಂತ ಎಷ್ಟು ಹೇಳಿಕೊಂಡರೂ ಸಮಾಧಾನ ಆಗಲಿಲ್ಲ. ತಮ್ಮನಿಗೂ ಹೇಳಿದ್ದೇನೆ. ಈಗ ನಮ್ಮ ಅಂಗಡಿಯಲ್ಲಿ ಚಿಲ್ಲರೆ ಕೈಗೇ ಕೊಡುತ್ತೇವೆ.

ಕಾಕಾರ, ನೀವು ಹೇಳಿದ ಹಾಗೆ ಬಾಯಿಬಿಟ್ಟು ಚೀಟಿ ಓದಲು ಶುರು ಮಾಡಿದೆ. "ಬಿಪಿದು 5 ಬರೆದಿದ್ದಾರೆ, ಹೋದ ಸಲವೂ 5 ಇತ್ತು, ಸರಿ ಇದೆ." ಮೊದಲ ಮೂರು ದಿನ ನಾಲಿಗೆ ಏಳಲಿಲ್ಲ. ಆಮೇಲೆ ಒಂದು ಬೇರೆಯೇ ಲಾಭ ಕಂಡಿತು. ಜನ ಮಧ್ಯೆ ಬಾಯಿ ಹಾಕುತ್ತಾರೆ. "ಅಲ್ಲವ್ವ, ಈ ಸಲ ಡಾಕ್ಟರ್ ಅರ್ಧ ತಗೋ ಅಂದಾರ" ಅನ್ನುತ್ತಾರೆ. ಚೀಟಿಯಲ್ಲಿ ಅದು ಇರುವುದಿಲ್ಲ. ಸುಮ್ಮನೆ ಓದುತ್ತಿದ್ದರೆ ನನಗೆ ಅದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಎಚ್1 ಗುಳಿಗೆ ಕೇಳಿ ಬರುವವರಿಗೆ ಈಗ ರಿಜಿಸ್ಟರ್ ತೆರೆದು ತೋರಿಸುತ್ತೇನೆ. ಯಾಕೆ ಕೊಡಲು ಬರುವುದಿಲ್ಲ ಅಂತ ಎರಡು ಮಾತು ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಒಬ್ಬ ಹುಡುಗ ಬೈದುಕೊಂಡೇ ಹೋದ. ಅದಕ್ಕೆ ನನಗೆ ಬೇಜಾರಿಲ್ಲ.

ಅಜ್ಜಿಯ ವಿಷಯ ಹೇಳಬೇಕು. ಹೋದ ಬುಧವಾರ ಬಂದರು. ಮಧ್ಯಾಹ್ನ, ತಮ್ಮ ಇರಲಿಲ್ಲ. ನನ್ನನ್ನು ನೋಡಿ ಮೆಟ್ಟಿಲ ಮೇಲೆ ನಿಂತರು, ತಿರುಗಲು ನೋಡಿದರು. ನಿಜ ಹೇಳುತ್ತೇನೆ, ಅವರನ್ನು ಕಂಡು ನನಗೂ ಒಳಗೆ ಬಿಗಿಯಾಯಿತು. ಆ ಮಾತು ಕೇಳಿದ ದಿನದಿಂದ ಅವರ ಮೇಲೆ ಒಂದು ಸಿಟ್ಟು ಇಟ್ಟುಕೊಂಡಿದ್ದೆ. ಮೇಡಂ ಹೇಳಿದ ಫೋನ್ ಪ್ರಯೋಗ ನೆನಪಾಯಿತು. "ಬರ್ರಿ ಅಜ್ಜೀ, ಕೂಡ್ರಿ" ಅಂದು ಸ್ಟೂಲ್ ಹೊರಗಿಟ್ಟೆ.

ಕೂತರು. ಚೀಟಿ ಓದಿ ಹೇಳಿದೆ. ಥೈರಾಯಿಡ್ ಗುಳಿಗೆ ಹೇಗೆ ತಗೋತೀರಿ ಅಂತ ಕೇಳಿದೆ. 9 ವರ್ಷದಲ್ಲಿ ಅವರಿಗೆ ಈ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಹೇಳಿದರು, "ಮುಂಜಾನೆ ಚಾ ಕುಡದು, ಎಲ್ಲಾ ಗುಳಿಗಿ ಕೂಡೆ ನುಂಗಿಬಿಡ್ತೀನಿ." ಆ ಎಲ್ಲದರಲ್ಲಿ ಎಲುಬಿನ ಕ್ಯಾಲ್ಸಿಯಂ ಗುಳಿಗೆಯೂ ಇದೆ. ಥೈರಾಯಿಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತಗೊಳ್ಳಬೇಕು. ಕ್ಯಾಲ್ಸಿಯಂಗೂ ಅದಕ್ಕೂ 4 ತಾಸು ಅಂತರ ಬೇಕು, ಇಲ್ಲದಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರು ಡೋಸ್ ಎರಡು ಸಲ ಏರಿಸಿದ್ದು ಇದಕ್ಕೇ ಇರಬಹುದೇನೋ. ಅದನ್ನು ಡಾಕ್ಟರೇ ನೋಡಬೇಕು, ಮುಂದಿನ ಸಲ ಇದನ್ನು ಅವರಿಗೆ ಹೇಳಿ ಅಂತ ಚೀಟಿಯ ಹಿಂದೆ ಬರೆದುಕೊಟ್ಟಿದ್ದೇನೆ.

"ಯಾಕೆ ಅಜ್ಜೀ, ಇಷ್ಟು ದಿನ ನನ್ನ ಕೇಳಲಿಲ್ಲ?" ಅಂದೆ. ಅವರು ನೆಲ ನೋಡುತ್ತಾ, "ನಿನ್ನ ಕೇಳಾಕ ಅಂಜಿಕಿ ಆಕ್ಕಿತ್ತವ್ವ" ಅಂದರು.

ಸರಿಯಾದ ಗುಳಿಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂತ ತಿಳಿದಿದ್ದೆ. ನನ್ನ ಮುಖಕ್ಕೆ ಹೆದರಿ ಇವರು ಕೇಳಲಿಲ್ಲ. ಹೀಗೆ ಕೇಳದೆ ಹೋದವರು ಇನ್ನೆಷ್ಟು ಜನ ಇದ್ದಾರೋ. ಅಜ್ಜಿಗೆ ಓದಲು ಬರುವುದಿಲ್ಲ. ಥೈರಾಯಿಡ್ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಹುಟ್ಟುವ ಸೂರ್ಯ, ಕ್ಯಾಲ್ಸಿಯಂ ಮೇಲೆ ಊಟದ ತಾಟು ಬರೆದುಕೊಟ್ಟೆ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ ಸೆರಗಿನಲ್ಲಿ ಕಟ್ಟಿಕೊಂಡರು. ಆಮ್ಲೊಡಿಪಿನ್ ವಿಷಯ ಹೇಳಬೇಕು ಅನ್ನಿಸಿತು. ಹೇಳಲಿಲ್ಲ, ಈಗ ಅದರ ಅಗತ್ಯ ಕಾಣಲಿಲ್ಲ.

ಇನ್ನೂ ಒಂದು ಕಡೆ ಸೋಲುತ್ತಿದ್ದೇನೆ. ಸಂಜೆ ಏಳರಿಂದ ಎಂಟೂವರೆ. ಅಕ್ಕಪಕ್ಕದ ಕ್ಲಿನಿಕ್‌ಗಳು ಬಿಡುವ ಹೊತ್ತು. ಒಂದೇ ಸಲ ಹತ್ತು ಕೈ ಚೀಟಿ ಚಾಚುತ್ತವೆ. ಆಗ ತಲೆ ತಗ್ಗಿದ್ದು ಎತ್ತಲು ಆಗುವುದಿಲ್ಲ, ಬಾಯಿಂದ ಮಾತೂ ಹೊರಡುವುದಿಲ್ಲ, ಹಳೇ ಮುಖವೇ ಬಂದು ಕೂಡುತ್ತದೆ. ತಮ್ಮ ಚೀಟಿ ತಗೊಂಡು ಮಾತಾಡಿಸಲಿ, ನಾನು ಹಿಂದೆ ನಿಂತು ಗುಳಿಗೆ ತೆಗೆದು ಡೋಸ್ ನೋಡಲಿ ಅಂತ ಯೋಚಿಸಿದ್ದೇನೆ. ಆದರೆ ಹಾಗೆ ಮಾಡಿದರೆ ಸಂಜೆ ಬರುವವರಿಗೆ ನಾನು ಮತ್ತೆ ಗೋಡೆಯ ಹಿಂದಿನವಳೇ ಆಗುತ್ತೇನೆ. ಗದ್ದಲದ ಅಂಗಡಿ ನಡೆಸುವವರು ಯಾರಾದರೂ ಇದ್ದರೆ ಆ ಹೊತ್ತನ್ನು ನೀವು ಹೇಗೆ ನಿಭಾಯಿಸುತ್ತೀರಿ ಅಂತ ಬರೆಯುತ್ತೀರಾ?